ಟೇಪ್ ಸುತ್ತಿದ ಪೊಟ್ಟಣ, ಒಳಗೊಂದು ಗ್ಲೌಸ್: ಬೆರಳಚ್ಚು ಹುಡುಕುವ ಕ್ರಮ ಯಾವುದು?

ಹೊಸ ಲ್ಯಾಬ್‌ಕೋಟು:

ಅಭ್ಯಾಸಕ್ಕೆ ಕೊಟ್ಟಿರುವ ಅಣಕು ಪ್ರಕರಣವೊಂದರ ಬಗ್ಗೆ ಕೇಳಬೇಕಿತ್ತು. ಒಂದು ರಟ್ಟಿನ ಪೆಟ್ಟಿಗೆ, ಸುತ್ತ ಕಂದು ಬಣ್ಣದ ಪ್ಯಾಕಿಂಗ್ ಟೇಪ್. ಒಳಗೆ ಗಾಜಿನ ಬಾಟಲಿ, ಕೈಬರಹದ ಚೀಟಿ, ಅರ್ಧ ಒಳಮೈ ಹೊರಗಾಗಿರುವ ಒಂದೇ ಒಂದು ನೀಲಿ ನೈಟ್ರೈಲ್ ಗ್ಲೌಸ್. "ಪೊಟ್ಟಣ ಕಟ್ಟಿದವರು ಗ್ಲೌಸ್ ಹಾಕಿದ್ದರು ಎಂದಿಟ್ಟುಕೊಂಡು ಪರೀಕ್ಷೆಯ ಕ್ರಮ ಬರೆಯಿರಿ, ಪ್ರತಿ ಹಂತಕ್ಕೂ ಕಾರಣ ಕೊಡಿ" ಅನ್ನುವುದು ಪ್ರಶ್ನೆ.

ನನ್ನ ಗೊಂದಲಗಳು ಇವು. ಗ್ಲೌಸ್ ಹಾಕಿ ಕಟ್ಟಿದ್ದರಲ್ಲಿ ಬೆರಳಚ್ಚು ಹುಡುಕುವುದಕ್ಕೆ ಅರ್ಥವಿದೆಯೇ, ಇಲ್ಲಾ ನೇರ ಡಿಎನ್‌ಎಗೆ ಹೋಗಬೇಕೇ? ಪುಡಿ, ಸೂಪರ್‌ಗ್ಲೂ ಹೊಗೆ, ನಿನ್‌ಹೈಡ್ರಿನ್ ಇವುಗಳಲ್ಲಿ ಯಾವುದಕ್ಕೆ ಯಾವುದು, ಯಾವುದು ಮೊದಲು? ಗಾಜಿನ ಮೇಲೆ ಪುಡಿ ಹಾಕಿದಾಗ ಗೆರೆ ಮೂಡದೆ ಬರೀ ಕಪ್ಪು ಮಸಿ ಬರುವುದು ಯಾಕೆ? ಟೇಪ್ ಬಿಡಿಸುವುದು ಹೇಗೆ? ಗ್ಲೌಸಿನ ಒಳಮೈಯಲ್ಲಿ ಅಚ್ಚು ಸಿಗುತ್ತದೆ ಅಂತ ಓದಿದ್ದೇನೆ. ಆದರೆ ಅದನ್ನು ತಿರುಗಿಸುವಾಗಲೇ ಎಲ್ಲ ಅಳಿಸಿಹೋಗುವುದಿಲ್ಲವೇ?

ಉಬ್ಬುಗೆರೆ:

ಗ್ಲೌಸ್ ಇತ್ತು ಅನ್ನುವುದು ಬೆರಳಚ್ಚಿನ ಪರೀಕ್ಷೆ ಬಿಡುವುದಕ್ಕೆ ಕಾರಣವೇ ಅಲ್ಲ. ಗ್ಲೌಸ್ ಹಾಕಿದ್ದು ಯಾವಾಗ, ಬಿಚ್ಚಿದ್ದು ಯಾವಾಗ ಅನ್ನುವುದನ್ನು ಯೋಚಿಸಿ. ಬಾಟಲಿ, ರಟ್ಟು, ಚೀಟಿಯ ಕಾಗದ, ಟೇಪಿನ ಸುರುಳಿ ಎಲ್ಲವೂ ಪೊಟ್ಟಣವಾಗುವುದಕ್ಕೆ ಮುಂಚೆ ಯಾರದೋ ಬರಿಗೈಯಲ್ಲಿ ಇದ್ದವು. ಗ್ಲೌಸ್ ಹಾಕಿದ್ದು ಕಟ್ಟುವ ಹೊತ್ತಿನಲ್ಲಿ ಮಾತ್ರ. ಒಳ್ಳೆಯ ಕಾಗದ ಒಣಗಿದ ಜಾಗದಲ್ಲಿದ್ದರೆ ಅದರ ಮೇಲಿನ ಅಚ್ಚು ವರ್ಷಗಟ್ಟಲೆ ಉಳಿಯುತ್ತದೆ.

ಮೊದಲು ಅಚ್ಚು ಅಂದರೆ ಏನು ಅನ್ನುವುದು ಸ್ಪಷ್ಟವಾಗಿರಲಿ, ಕ್ರಮ ತಾನಾಗಿ ಬರುತ್ತದೆ. ಬೆರಳ ತುದಿಯ ಉಬ್ಬುಗೆರೆಗಳ ಮೇಲೆ ಬೆವರಿನ ರಂಧ್ರಗಳಿವೆ. ಆ ಬೆವರಿನಲ್ಲಿ ನೂರಕ್ಕೆ 98ಕ್ಕೂ ಮಿಕ್ಕಿ ನೀರು. ಉಳಿದಿದ್ದು ಉಪ್ಪು, ಅಮೈನೋ ಆಮ್ಲ, ಯೂರಿಯಾ, ಲ್ಯಾಕ್ಟಿಕ್ ಆಮ್ಲ. ಅಂಗೈಯಲ್ಲಿ ಎಣ್ಣೆಯ ಗ್ರಂಥಿಗಳಿಲ್ಲ. ಮುಖ, ತಲೆ ಮುಟ್ಟಿಕೊಂಡಾಗ ಅಲ್ಲಿನ ಜಿಡ್ಡು ಬೆರಳಿಗೆ ಹತ್ತುತ್ತದೆ. ಪ್ರತಿಯೊಂದು ವಿಧಾನವೂ ಇವುಗಳಲ್ಲಿ ಯಾವುದೋ ಒಂದನ್ನು ಹಿಡಿಯುತ್ತದೆ. ಪುಡಿ ತೇವ ಮತ್ತು ಜಿಡ್ಡಿಗೆ ಅಂಟುತ್ತದೆ, ನಿನ್‌ಹೈಡ್ರಿನ್ ಅಮೈನೋ ಆಮ್ಲದ ಜೊತೆ ಸೇರಿ ನೇರಳೆಯಾಗುತ್ತದೆ, ಬೆಳ್ಳಿಯ ನೈಟ್ರೇಟ್ ಉಪ್ಪಿನಲ್ಲಿರುವ ಕ್ಲೋರೈಡ್ ಹಿಡಿಯುತ್ತದೆ. ಆದ್ದರಿಂದ ಒಂದು ವಿಧಾನದಲ್ಲಿ ಏನೂ ಬರಲಿಲ್ಲ ಅಂದರೆ ಮುಟ್ಟೇ ಇಲ್ಲ ಅಂತ ಬರೆಯಬಾರದು. ಒಣ ಚರ್ಮದವರು ಮುಟ್ಟಿದರೆ ಅಚ್ಚೇ ಬೀಳದಿರಬಹುದು. ಪುಟ್ಟ ಮಕ್ಕಳ ಅಚ್ಚಿನಲ್ಲಿರುವ ಜಿಡ್ಡು ಬೇಗ ಆವಿಯಾಗುವ ಜಾತಿಯದು, ಹಾಗಾಗಿ ದೊಡ್ಡವರದ್ದಕ್ಕಿಂತ ಬೇಗ ಮಾಯವಾಗುತ್ತದೆ.

ಕ್ರಮದ ಸೂತ್ರ: ವಸ್ತುವಿಗೆ ಏನೂ ಮಾಡದ ಪರೀಕ್ಷೆ ಮೊದಲು, ಅದನ್ನು ಬದಲಿಸಿಬಿಡುವ ಪರೀಕ್ಷೆ ಕೊನೆಗೆ. ಬರಿಗಣ್ಣು, ಆಮೇಲೆ ಓರೆ ಬೆಳಕು, ಆಮೇಲೆ ನೀಲಿ ಮತ್ತು ಹಸಿರು ಬೆಳಕಿನಲ್ಲಿ ತಾನಾಗಿ ಹೊಳೆಯುವುದೇನಾದರೂ ಇದೆಯಾ ಅಂತ ನೋಡುವುದು. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಲ್ಮೈಗೆ ಹೆಚ್ಚುಕಡಿಮೆ ಮಲಗಿಸಿ ಹಿಡಿದು ಬಾಟಲಿಯನ್ನು ನಿಧಾನ ತಿರುಗಿಸುತ್ತ ಹೋದರೆ, ರಾಸಾಯನಿಕವೇ ಬೇಡದಂಥ ಅಚ್ಚುಗಳು ಎದ್ದು ಕಾಣುತ್ತವೆ. ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ಸಾಲದು. ಕಂಡ ತಕ್ಷಣ ಫೋಟೋ: ಕ್ಯಾಮೆರಾದ ಸೆನ್ಸರ್ ಅಚ್ಚಿಗೆ ಸಮಾನಾಂತರ, ಅಳತೆಪಟ್ಟಿ ಅಚ್ಚು ಇರುವ ಮಟ್ಟದಲ್ಲೇ, ನಿಜ ಗಾತ್ರದಲ್ಲಿ ಇಂಚಿಗೆ ಕನಿಷ್ಠ 1000 ಪಿಕ್ಸೆಲ್. ಪಟ್ಟಿ ಅಚ್ಚಿಗಿಂತ ಅರ್ಧ ಸೆಂಟಿಮೀಟರ್ ಮೇಲಿದ್ದರೂ ಹತ್ತಿರದಿಂದ ತೆಗೆದ ಫೋಟೋದಲ್ಲಿ ಅಳತೆ ತಪ್ಪುತ್ತದೆ.

ಬಾಟಲಿಗೆ ಬರೋಣ. ನೀವು ಗ್ಲೌಸ್ ಹಾಕಿದ್ದೀರಿ ಅಂತ ಎಲ್ಲೆಂದರಲ್ಲಿ ಹಿಡಿಯಬೇಡಿ. ನಿಮ್ಮ ಗ್ಲೌಸ್ ನಿಮ್ಮ ಅಚ್ಚು ಬೀಳದ ಹಾಗೆ ತಡೆಯುತ್ತದೆ, ಅಲ್ಲಿ ಮೊದಲೇ ಇರುವ ಅಚ್ಚನ್ನು ಒರೆಸುವುದನ್ನು ತಡೆಯುವುದಿಲ್ಲ. ತಳದ ಅಂಚು, ಮುಚ್ಚಳದ ಕೆಳಗಿನ ಉಂಗುರ, ಹೀಗೆ ಸಾಮಾನ್ಯವಾಗಿ ಯಾರೂ ಹಿಡಿಯದ ಕಡೆ ಎರಡೇ ಬೆರಳಲ್ಲಿ ಹಿಡಿಯಿರಿ. ಬಾಯಿಯ ಅಂಚಿನಲ್ಲಿ ಎಂಜಲು ಇರಬಹುದು, ಅದನ್ನು ಮುಟ್ಟಬೇಡಿ.

ಮಸಿ ಬರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ತೇವ. ತಣ್ಣಗಿನ ಬಾಟಲಿಯನ್ನು ಬೆಚ್ಚಗಿನ ಕೋಣೆಗೆ ತಂದರೆ ಮೇಲೆ ಮಂಜು ಕೂರುತ್ತದೆ. ಅದು ಪೂರ್ತಿ ಆರುವ ತನಕ ಬ್ರಷ್ ಮುಟ್ಟಿಸಬಾರದು, ಒರೆಸುವುದಂತೂ ಬೇಡವೇ ಬೇಡ. ಎರಡು, ಪುಡಿ ಹೆಚ್ಚು. ಬ್ರಷ್ ಅನ್ನು ಡಬ್ಬಿಯೊಳಗೆ ಅದ್ದುವುದಲ್ಲ. ಸ್ವಲ್ಪ ಪುಡಿಯನ್ನು ಕಾಗದದ ಮೇಲೆ ಸುರಿದು, ಕೂದಲ ತುದಿ ಮಾತ್ರ ಸೋಕಿಸಿ, ಹಿಡಿಯನ್ನು ತಟ್ಟಿ ಹೆಚ್ಚಿನದನ್ನು ಉದುರಿಸಬೇಕು. ಮೂರು, ಗೆರೆ ಕಂಡ ಮೇಲೂ ಉಜ್ಜುತ್ತಲೇ ಇರುವುದು. ಗೆರೆ ಮೂಡಿದ ತಕ್ಷಣ ಅದು ಓಡುವ ದಿಕ್ಕಿನಲ್ಲೇ ಒಂದೆರಡು ಸಲ ಹಗುರವಾಗಿ ಆಡಿಸಿ ನಿಲ್ಲಿಸಿ. ಗೆರೆಗಳ ನಡುವಿನ ಕಾಲುವೆ ಒಮ್ಮೆ ತುಂಬಿದರೆ ಅದನ್ನು ಬಿಡಿಸುವುದು ಬಹಳ ಕಷ್ಟ. ನಯವಾದ ಗಾಜಿಗೆ ಅಲ್ಯೂಮಿನಿಯಂ ಚಕ್ಕೆ ಪುಡಿ ಮತ್ತು ಗಾಜಿನ ನಾರಿನ ಬ್ರಷ್ ಒಳ್ಳೆಯದು. ಮ್ಯಾಗ್ನೆಟಿಕ್ ಪುಡಿ ಹಚ್ಚುವ ಆಯಸ್ಕಾಂತದ ಕಡ್ಡಿಗೆ ಬ್ರಷ್‌ನಂಥ ಕೂದಲೇ ಇಲ್ಲ, ಪುಡಿಯಷ್ಟೇ ಮೇಲ್ಮೈಯನ್ನು ಸೋಕುತ್ತದೆ, ಆದ್ದರಿಂದ ಸೂಕ್ಷ್ಮ ಅಚ್ಚಿಗೆ ಹಿತ. ಆದರೆ ಕಬ್ಬಿಣದ ವಸ್ತುವಿನ ಮೇಲೆ ಅದನ್ನು ಬಳಸಲಾಗದು.

ಪ್ರಯೋಗಾಲಯಕ್ಕೆ ತರಬಹುದಾದ ಬಾಟಲಿಗೆ ನಾನು ಪುಡಿಗಿಂತ ಸೂಪರ್‌ಗ್ಲೂ ಹೊಗೆಯನ್ನೇ ಮೊದಲು ಆರಿಸುತ್ತೇನೆ. ಹೊಗೆ ಹಾಕುವ ಪೆಟ್ಟಿಗೆಯೊಳಗೆ ಆರ್ದ್ರತೆ ಸುಮಾರು 80%, ಅಂಟು ಕಾಯುವ ತಟ್ಟೆ ಸುಮಾರು 120 ಡಿಗ್ರಿ ಸೆಲ್ಸಿಯಸ್. ಆವಿ ಅಚ್ಚಿನ ಮೇಲೆ ಕೂತು ಬಿಳಿ ಪಾಲಿಮರ್ ಆಗುತ್ತದೆ. ತಟ್ಟೆಯನ್ನು ಮಿತಿಮೀರಿ ಕಾಯಿಸಿದರೆ ವಿಷಾನಿಲ ಏಳುತ್ತದೆ, ಹೊಗೆ ಹೊರಹಾಕುವ ವ್ಯವಸ್ಥೆ ಇಲ್ಲದೆ ಮಾಡಬಾರದು. ಆಮೇಲೆ ಬೇಸಿಕ್ ಯೆಲ್ಲೋ 40 ಬಣ್ಣ ಹಾಕಿ ತೊಳೆದು, ನೀಲಿ ಬೆಳಕಿನಲ್ಲಿ ಹಳದಿ ಫಿಲ್ಟರ್ ಮೂಲಕ ನೋಡಿದರೆ ಬಿಳಿಯಾಗಿ ಕಾಣದಿದ್ದ ಅಚ್ಚೂ ಹೊಳೆಯುತ್ತದೆ. ರೊಡಮೈನ್ 6ಜಿ ಆದರೆ ಹಸಿರು ಬೆಳಕು, ಕಿತ್ತಳೆ ಫಿಲ್ಟರ್.

ಎಲ್ಲರೂ ಎಡವುವ ಜಾಗ ಒಂದಿದೆ: ಮಾದರಿ ಅಚ್ಚು. ಹೊಗೆ ಸಾಕಾಯಿತೇ ಅಂತ ತಿಳಿಯಲು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಿ ಒಳಗಿಡುತ್ತಾರೆ. ಹಸಿ ಅಚ್ಚಿನಲ್ಲಿ ತೇವ ಇರುವುದರಿಂದ ಅದು ಬೇಗ ಬೆಳ್ಳಗಾಗುತ್ತದೆ, ವಾರಗಳ ಹಿಂದಿನ ಅಚ್ಚು ಆಗಿನ್ನೂ ಶುರುವಾಗಿರುವುದೇ ಇಲ್ಲ. ಮಾದರಿ ಅಚ್ಚು ಪೆಟ್ಟಿಗೆ ಕೆಲಸ ಮಾಡುತ್ತಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ವಸ್ತುವನ್ನೇ ನೋಡುತ್ತಿರಬೇಕು. ಕಡಿಮೆಯಾದರೆ ಇನ್ನೊಮ್ಮೆ ಹಾಕಬಹುದು. ಹೆಚ್ಚಾದರೆ ಇಡೀ ಗಾಜು ಬೆಳ್ಳಗಾಗಿ ಗೆರೆ ಮುಳುಗಿಹೋಗುತ್ತದೆ.

ಸ್ವಾಬ್:

ಉಬ್ಬುಗೆರೆ ಅವರ ಮಾತಿಗೆ ಒಂದು ಆಕ್ಷೇಪ, ಒಂದು ಸೇರ್ಪಡೆ.

ಆಕ್ಷೇಪ: ಡಿಎನ್‌ಎ ತೀರ್ಮಾನವನ್ನು ಪುಡಿ ಡಬ್ಬಿ ತೆರೆಯುವುದಕ್ಕೆ ಮುಂಚೆ ಮಾಡಬೇಕು. ಇದು ಮೊದಲ ಸಾಲಿನಲ್ಲೇ ಬರಬೇಕಿತ್ತು. ಒಂದೇ ಬ್ರಷ್ ಹಲವು ಪ್ರಕರಣಗಳಲ್ಲಿ ಓಡಾಡಿದ್ದರೆ ಅದೇ ಒಂದು ವಸ್ತುವಿನ ಜೀವಕೋಶಗಳನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಡಬ್ಬಿಯೊಳಗೆ ಅದ್ದಿದರೆ ಡಬ್ಬಿಯೂ ಕೆಟ್ಟಿತು. ಡಿಎನ್‌ಎ ಬೇಕಾಗಬಹುದಾದ ವಸ್ತುವಿಗೆ ಹೊಸ ಬ್ರಷ್, ಬೇರೆಯಾಗಿ ತೆಗೆದ ಪುಡಿ. ಬಾಟಲಿಯ ಬಾಯಿ, ಗ್ಲೌಸಿನ ಒಳ ಬೆರಳ ತುದಿ, ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದಂತೆ ಕಂಡರೆ ಆ ತುದಿ, ಈ ಮೂರು ಕಡೆ ಮೊದಲು ಸ್ವಾಬ್, ಅಂದರೆ ಹತ್ತಿಯ ಕಡ್ಡಿಯಲ್ಲಿ ಒರೆಸಿ ಮಾದರಿ ತೆಗೆಯುವುದು. ಗೆರೆ ಕಾಣುವ ಜಾಗವನ್ನು ಸ್ವಾಬ್ ಮಾಡಬೇಡಿ, ಅದು ಬೆರಳಚ್ಚಿನವರಿಗೆ ಬಿಟ್ಟಿದ್ದು. ಮಸುಕಾಗಿ ಕಲಸಿಹೋದ, ಹೋಲಿಸಲು ಬಾರದ ಗುರುತೇ ಡಿಎನ್‌ಎಗೆ ಸರಿಯಾದ ಜಾಗ. ಅಲ್ಲೂ ಚರ್ಮದ ಕೋಶ ಇರುತ್ತದೆ, ಗೆರೆ ಕಳೆದುಹೋಗುವ ಭಯ ಇಲ್ಲ. ಸೂಪರ್‌ಗ್ಲೂ ಹೊಗೆ ಆದ ಮೇಲೂ ಡಿಎನ್‌ಎ ತೆಗೆಯಬಹುದು. ಆದರೆ ಬಣ್ಣ ಹಾಕಿ ನೀರಿನಲ್ಲಿ ತೊಳೆದ ಮೇಲೆ ಉಳಿಯುವುದು ಕಡಿಮೆ.

ಸೇರ್ಪಡೆ ನಮ್ಮದೇ ಗ್ಲೌಸ್ ಬಗ್ಗೆ. ಸ್ಟೆರೈಲ್ ಅಂದರೆ ಡಿಎನ್‌ಎ ಇಲ್ಲ ಅಂತಲ್ಲ. ಸೂಕ್ಷ್ಮಾಣು ಸತ್ತಿದೆ ಅಂತ ಮಾತ್ರ. ಜರ್ಮನಿಯಲ್ಲಿ ಹೈಲ್‌ಬ್ರೋನ್ ಪೊಲೀಸ್ ಕೊಲೆ ಸೇರಿದಂತೆ ಹತ್ತಾರು ಪ್ರಕರಣಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಾ ಹೋಗಿ, ಪೊಲೀಸರು ವರ್ಷಗಟ್ಟಲೆ ಅವಳನ್ನು ಹುಡುಕಿದರು. 2009ರಲ್ಲಿ ಗೊತ್ತಾಗಿದ್ದು, ಅದು ಮಾದರಿ ತೆಗೆಯುವ ಹತ್ತಿಯ ಕಡ್ಡಿಗಳ ತಯಾರಿಕೆಯಲ್ಲಿದ್ದ ಕೆಲಸಗಾರ್ತಿಯದು ಅಂತ. ಕಡ್ಡಿಗಳು ಸ್ಟೆರೈಲ್ ಆಗಿದ್ದವು. ಇಂಥ ಸಾಮಗ್ರಿಯಲ್ಲಿ ಮನುಷ್ಯರ ಡಿಎನ್‌ಎ ಸೇರದಂತೆ ನೋಡಿಕೊಳ್ಳಲೆಂದೇ ಐಎಸ್‌ಒ 18385 ಎಂಬ ಮಾನದಂಡ 2016ರಲ್ಲಿ ಬಂತು. ಕೊಳ್ಳುವಾಗ ಕೇಳಬೇಕಾದ್ದು ಅದು.

ಕೆಲಸದಲ್ಲಿ ಎರಡು ಜೊತೆ ಹಾಕಿ. ಒಳಗಿನದು ಹಾಗೇ ಇರಲಿ, ಹೊರಗಿನದನ್ನು ಪ್ರತಿ ಮುದ್ದೇಮಾಲಿಗೂ ಬದಲಿಸಿ. ಫೋನ್, ಪೆನ್ನು, ಬಾಗಿಲ ಹಿಡಿ, ಮುಖದ ಮಾಸ್ಕ್ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಆ ಜೊತೆ ಮುಗಿಯಿತು, ಹೊಸದು ಹಾಕಿ. ವಸ್ತುವಿನ ಮೇಲೆ ಬಗ್ಗಿ ಮಾತಾಡುವಾಗ ಮಾಸ್ಕ್ ಇಲ್ಲದಿದ್ದರೆ ಗ್ಲೌಸ್ ಇದ್ದೂ ಪ್ರಯೋಜನವಿಲ್ಲ, ಎಂಜಲಿನ ಹನಿ ಬೀಳುತ್ತದೆ. ಬರೀ ಹತ್ತಿ ಬಟ್ಟೆಯ ಗ್ಲೌಸ್ ಬೇಡ, ಬೆವರು ಅದರೊಳಗಿಂದ ಹಾದು ಬರುತ್ತದೆ. ಮತ್ತೆ, ತಂಡದಲ್ಲಿ ಯಾರು ಯಾವ ಬಗೆಯ ಗ್ಲೌಸ್ ಹಾಕಿದ್ದರು ಅಂತ ಬರೆದಿಡಿ. ಆಮೇಲೆ ಪೆಟ್ಟಿಗೆಯ ಮೇಲೆ ಗ್ಲೌಸಿನ ಗುರುತು ಸಿಕ್ಕರೆ ಅದು ನಿಮ್ಮದೋ ಅವರದೋ ಅಂತ ಬೇರ್ಪಡಿಸಬೇಕಾಗುತ್ತದೆ.

ಕಾಗದ ವಿಭಾಗ:

ಚೀಟಿ ಮತ್ತು ರಟ್ಟಿನ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿಗೆ ಪುಡಿಯನ್ನು ತರಲೇಬೇಡಿ. ಕಾಗದ ಬೆವರನ್ನು ಹೀರಿಕೊಂಡಿರುತ್ತದೆ. ಪುಡಿ ಮೇಲೆಲ್ಲ ಅಂಟಿ ಕಾಗದ ಕೊಳೆಯಾಗುತ್ತದೆ, ಒಳಗಿರುವ ಅಮೈನೋ ಆಮ್ಲ ಅದಕ್ಕೆ ಸಿಗುವುದೇ ಇಲ್ಲ.

ಚೀಟಿಗೆ ಬೆರಳಚ್ಚಿಗಿಂತ ಮುಂಚೆ ಇನ್ನೊಂದು ಕೆಲಸ ಇದೆ. ಆ ಹಾಳೆಯ ಮೇಲೆ ಇನ್ನೊಂದು ಹಾಳೆ ಇಟ್ಟು ಯಾರಾದರೂ ಬರೆದಿದ್ದರೆ ಪೆನ್ನಿನ ಒತ್ತಿನ ಗುರುತು ಕೆಳಗಿನ ಹಾಳೆಯಲ್ಲಿ ಉಳಿದಿರುತ್ತದೆ. ಅದನ್ನು ಎಬ್ಬಿಸುವ ಉಪಕರಣ ಎಸ್ಡಾ. ಕಾಗದಕ್ಕೆ ಒಮ್ಮೆ ನಿನ್‌ಹೈಡ್ರಿನ್ ದ್ರಾವಣ ತಾಗಿದ ಮೇಲೆ ಆ ಒತ್ತು ಸಿಗುವುದಿಲ್ಲ, ಆದ್ದರಿಂದ ಎಸ್ಡಾ ಮೊದಲು. ಇದೇ ಕಾರಣಕ್ಕೆ ಚೀಟಿಯನ್ನು ಲಕೋಟೆಗೆ ಹಾಕಿದ ಮೇಲೆ ಲಕೋಟೆಯ ಮೇಲೆ ಬರೆಯಬಾರದು. ವಿವರವೆಲ್ಲ ಬರೆದು, ಆಮೇಲೆ ಚೀಟಿ ಒಳಗೆ. ಇಲ್ಲದಿದ್ದರೆ ನಿಮ್ಮ ಮಹಜರು ಸಂಖ್ಯೆಯೇ ಸಾಕ್ಷ್ಯದ ಮೇಲೆ ಒತ್ತಿರುತ್ತದೆ.

ನಂತರ ಬೆಳಕು. ನಂತರ ಇಂಡೇನ್‌ಡಯೋನ್ ಅಥವಾ ಡಿಎಫ್‌ಒ, ಇವೂ ಅಮೈನೋ ಆಮ್ಲವನ್ನೇ ಹಿಡಿಯುವ ರಾಸಾಯನಿಕಗಳು. ನಂತರ ನಿನ್‌ಹೈಡ್ರಿನ್. ಕೊನೆಗೆ ಫಿಸಿಕಲ್ ಡೆವಲಪರ್, ಅಂದರೆ ಜಿಡ್ಡಿನ ಮೇಲೆ ಬೆಳ್ಳಿ ಕೂರಿಸುವ ದ್ರಾವಣ. ಡಿಎಫ್‌ಒ ಆದರೆ ಒಣ ಓವನ್‌ನಲ್ಲಿ 100 ಡಿಗ್ರಿ, 20 ನಿಮಿಷ. ಹಸಿರು ಬೆಳಕಿನಲ್ಲಿ ಹೊಳೆಯುತ್ತದೆ. ಡಿಎಫ್‌ಒ ಆದ ಮೇಲೆ ನಿನ್‌ಹೈಡ್ರಿನ್ ಹಾಕಿದರೆ ಹೊಸ ಅಚ್ಚುಗಳು ಸಿಗುತ್ತವೆ. ತಿರುಗುಮುರುಗು ಮಾಡಿದರೆ ಪ್ರಯೋಜನವಿಲ್ಲ, ಅಮೈನೋ ಆಮ್ಲವನ್ನು ನಿನ್‌ಹೈಡ್ರಿನ್ ಆಗಲೇ ಹಿಡಿದಿರುತ್ತದೆ.

ನಿನ್‌ಹೈಡ್ರಿನ್ ದ್ರಾವಣದ ಒಂದು ಒಳ್ಳೆಯ ಪಾಕ: 5 ಗ್ರಾಂ ನಿನ್‌ಹೈಡ್ರಿನ್, 45 ಮಿಲಿಲೀಟರ್ ಎಥನಾಲ್, 2 ಮಿಲಿಲೀಟರ್ ಈಥೈಲ್ ಅಸಿಟೇಟ್, 5 ಮಿಲಿಲೀಟರ್ ಅಸಿಟಿಕ್ ಆಮ್ಲ. ಇವನ್ನು ಪೂರ್ತಿ ಕರಗಿಸಿಕೊಂಡು 1 ಲೀಟರ್ ಎಚ್‌ಎಫ್‌ಇ 7100 ಎಂಬ ದ್ರಾವಕಕ್ಕೆ ಸೇರಿಸುವುದು. ಆ ಕೊನೆಯ ದ್ರವ ಬೆಂಕಿ ಹತ್ತುವುದಿಲ್ಲ, ಬಾಲ್‌ಪೆನ್ನಿನ ಶಾಯಿಯನ್ನೂ ಅಷ್ಟಾಗಿ ಕದಡುವುದಿಲ್ಲ. ಅಸಿಟೋನ್‌ನಲ್ಲಿ ಮಾಡಿದರೆ ಕೈಬರಹವೇ ಹರಿದು ಹರಡಿ ಹೋಗುತ್ತದೆ, ಆಗ ಬರಹ ತಜ್ಞರಿಗೆ ಏನೂ ಉಳಿಯದು. ಚೀಟಿಯನ್ನು ನಯವಾದ ಪ್ಲಾಸ್ಟಿಕ್ ಚಿಮಟದಲ್ಲಿ ಮೂಲೆ ಹಿಡಿದು ಒಮ್ಮೆ ಹಾಯಿಸಿ, ಗಾಳಿಗೆ ಒಣಗಿಸಿ, 80 ಡಿಗ್ರಿ ಮತ್ತು ಸುಮಾರು 65% ಆರ್ದ್ರತೆಯಲ್ಲಿ ಕೆಲವು ನಿಮಿಷ ಇಡಿ. ಕಣ್ಣು ಅದರ ಮೇಲೇ ಇರಲಿ. ಅಂಥ ಓವನ್ ಇಲ್ಲದಿದ್ದರೆ ಕತ್ತಲಲ್ಲಿ ಕೋಣೆಯ ಶಾಖದಲ್ಲಿ ಒಂದೆರಡು ದಿನ ಬಿಡುವುದು ಉಗಿ ಇಸ್ತ್ರಿ ಹಿಡಿಯುವುದಕ್ಕಿಂತ ಎಷ್ಟೋ ಮೇಲು. ಇಸ್ತ್ರಿಯ ಉಗಿ ಒಂದು ಕಡೆ ಹೆಚ್ಚಾಗಿ ಬಿದ್ದರೆ ಹಿನ್ನೆಲೆಯೂ ನೇರಳೆಯಾಗುತ್ತದೆ, ಗೆರೆ ಹರಡಿಕೊಳ್ಳುತ್ತದೆ.

ಚೀಟಿ ಎಂದಾದರೂ ನೆನೆದಿದ್ದರೆ ಈ ಸರಣಿ ಬಿಡಿ. ಅಮೈನೋ ಆಮ್ಲ ನೀರಿನಲ್ಲಿ ಕರಗಿ ಹೋಗಿರುತ್ತದೆ, ಉಳಿದಿರುವುದು ಜಿಡ್ಡು ಮಾತ್ರ. ಅದನ್ನು ಫಿಸಿಕಲ್ ಡೆವಲಪರ್ ಹಿಡಿಯುತ್ತದೆ, ಬೆಳ್ಳಿ ಕೂತು ಬೂದು ಗೆರೆ ಬರುತ್ತದೆ. ಆದರೆ ಅದಕ್ಕೆ ಮುಂಚೆ ಮಲೇಯಿಕ್ ಆಮ್ಲದಲ್ಲಿ ಕಾಗದವನ್ನು ನೆನೆಸಲೇಬೇಕು. ಇಂದಿನ ಕಾಗದಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿರುತ್ತದೆ, ಅದನ್ನು ಆಮ್ಲದಿಂದ ತೆಗೆಯದಿದ್ದರೆ ಬೆಳ್ಳಿ ಎಲ್ಲೆಡೆ ಕೂತು ಇಡೀ ಹಾಳೆ ಕಪ್ಪಾಗುತ್ತದೆ. ಗುಳ್ಳೆ ಬರುವುದು ನಿಂತ ಮೇಲೇ ಮುಂದಿನ ಹಂತ. ಪಾತ್ರೆಯಲ್ಲಿ ಕೊಳೆ, ಗೀರು ಇರಬಾರದು. ಲೋಹದ ಚಿಮಟ ಬೇಡ.

ರಟ್ಟಿಗೂ ಇದೇ ದಾರಿ, ಆದರೆ ನಿರೀಕ್ಷೆ ಕಡಿಮೆ ಇರಲಿ. ಕಂದು ಹಿನ್ನೆಲೆಯಲ್ಲಿ ನೇರಳೆ ಎದ್ದು ಕಾಣುವುದಿಲ್ಲ. ಮಡಚುವ ಅಂಚಿನ ಒಳಭಾಗ, ಮುಚ್ಚಳದ ನಾಲಗೆಗಳ ಅಡಿ ಭಾಗ ಮೊದಲು ನೋಡಿ. ಪೆಟ್ಟಿಗೆ ಕಟ್ಟಿದ ಮೇಲೆ ಸಾಗಿಸಿದವರ ಕೈ ಅಲ್ಲಿಗೆ ಹೋಗಿರುವುದಿಲ್ಲ.

ಇನ್ನೊಂದು: ಚೀಟಿ ಅಂಗಡಿಯ ರಸೀದಿಯಂಥ ಥರ್ಮಲ್ ಕಾಗದವಾಗಿದ್ದರೆ ಮಾಮೂಲಿ ದ್ರಾವಣ ತಾಗಿದ ಕೂಡಲೇ ಅದು ಕಪ್ಪಾಗುತ್ತದೆ, ಓವನ್ ಶಾಖಕ್ಕೂ ಕಪ್ಪಾಗುತ್ತದೆ. ಅದಕ್ಕೆ ಬೇರೆಯೇ ಪಾಕ ಬೇಕು. ಉಗುರಿನಿಂದ ಒಂದು ಮೂಲೆ ಗೀಚಿ ನೋಡುವ ಅಭ್ಯಾಸ ಕೆಲವರಿಗಿದೆ, ಮುದ್ದೇಮಾಲಿನ ಮೇಲೆ ಅದು ಸಲ್ಲದು. ಹೊಳಪು ಮತ್ತು ಮುದ್ರಣದ ಬಗೆ ನೋಡಿಯೇ ತೀರ್ಮಾನಿಸಿ.

ಹೊಸ ಲ್ಯಾಬ್‌ಕೋಟು:

ತುಂಬಾ ಸಹಾಯವಾಯಿತು, ಎಲ್ಲರಿಗೂ ಧನ್ಯವಾದ. ಎಸ್ಡಾ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಟೇಪ್ ಮತ್ತು ಗ್ಲೌಸ್ ಬಗ್ಗೆ ಯಾರಾದರೂ ಹೇಳುತ್ತೀರಾ? ಹೋಲಿಕೆಗೆ 12 ಅಂಶ (ಗೆರೆ ಕವಲೊಡೆಯುವ, ಕೊನೆಯಾಗುವಂಥ ಜಾಗಗಳು) ಸಿಗಬೇಕು ಅನ್ನುತ್ತಾರಲ್ಲ, ಅದು ನಿಯಮವೇ?

ಕಪ್ಪುಪುಡಿ:

ನನ್ನ ಅಭಿಪ್ರಾಯದಲ್ಲಿ ಈ ಇಡೀ ಪೊಟ್ಟಣದಲ್ಲಿ ಅತಿ ಬೆಲೆಬಾಳುವ ವಸ್ತು ಟೇಪ್. ಎರಡು ಕಾರಣ. ಗ್ಲೌಸ್ ಹಾಕಿಕೊಂಡು ಟೇಪಿನ ತುದಿ ಹುಡುಕಿ ಎಬ್ಬಿಸುವುದು ಕಷ್ಟ. ನೈಟ್ರೈಲ್ ಅಂಟಿಗೆ ಹಿಡಿದುಕೊಂಡು ಎಳೆಯುತ್ತದೆ, ಹರಿಯುತ್ತದೆ. ಗ್ಲೌಸ್ ಬಿಚ್ಚುವ ಕೆಲಸ ಆಗುವುದಿದ್ದರೆ ಇಲ್ಲೇ. ಎರಡನೆಯದು ಇನ್ನೂ ದೊಡ್ಡದು. ಅಚ್ಚಿನ ವಯಸ್ಸನ್ನು ನಂಬಿಕೆಯಾಗಿ ಹೇಳುವ ವಿಧಾನ ಇಲ್ಲ. ಬಾಟಲಿಯ ಮೇಲಿನ ಅಚ್ಚಿಗೆ "ಅಂಗಡಿಯಲ್ಲಿ ಎತ್ತಿ ನೋಡಿದ್ದೆ" ಅನ್ನುವ ಉತ್ತರ ಇದೆ. ಆದರೆ ಅಂಟಿನ ಬದಿಯಲ್ಲಿರುವ ಅಚ್ಚು, ಅದೂ ಸುರುಳಿಯಿಂದ ಎಳೆದು ಪೆಟ್ಟಿಗೆಗೆ ಹಚ್ಚುವ ನಡುವೆ ಬಿದ್ದಿರುವ ಅಚ್ಚು, ಕಟ್ಟುವ ಗಳಿಗೆಗೇ ಗಂಟುಬಿದ್ದಿರುತ್ತದೆ. ಎಲ್ಲಿ ಸಿಕ್ಕಿತು ಅನ್ನುವುದು ಯಾರದು ಅನ್ನುವಷ್ಟೇ ಮುಖ್ಯ. ಆದ್ದರಿಂದ ಬಿಡಿಸುವ ಮುಂಚೆ ಯಾವ ಪದರ ಯಾವುದರ ಮೇಲೆ, ಯಾವ ದಿಕ್ಕಿಗೆ ಎಳೆದಿದ್ದಾರೆ, ಶುರು ಎಲ್ಲಿ, ಕೊನೆ ಎಲ್ಲಿ ಅಂತ ಚಿತ್ರ ಬರೆದು, ಪ್ರತಿ ಪಟ್ಟಿಗೂ ಸಂಖ್ಯೆ ಕೊಟ್ಟು ಫೋಟೋ ತೆಗೆಯಿರಿ.

ಪೆಟ್ಟಿಗೆ ತೆರೆಯಲು ಟೇಪನ್ನು ಕೊಯ್ಯಬೇಡಿ, ಟೇಪ್ ಇಲ್ಲದ ಕಡೆ ರಟ್ಟನ್ನು ಕೊಯ್ಯಿರಿ. ಬಿಡಿಸುವಾಗ ಬಲವಾಗಿ ಎಳೆದರೆ ಟೇಪ್ ಹಿಗ್ಗುತ್ತದೆ, ಗೆರೆಗಳೂ ಅದರ ಜೊತೆ ಹಿಗ್ಗುತ್ತವೆ. ತಣ್ಣಗೆ ಮಾಡಿ. ಫ್ರೀಜರ್ ಅಥವಾ ತಂಪು ಸ್ಪ್ರೇಯಿಂದ ಅಂಟು ಗಡುಸಾಗಿ ಹಿಡಿತ ಬಿಡುತ್ತದೆ, ಸ್ವಲ್ಪ ಸ್ವಲ್ಪವಾಗಿ ಬಿಡಿಸಿ. ದ್ರಾವಕ ಹಾಕಿ ಸಡಿಲಿಸುವುದು ಕೊನೆಯ ಉಪಾಯ. ಬಿಟ್ಟ ಟೇಪನ್ನು ಮತ್ತೆ ಯಾವುದಕ್ಕೂ ಅಂಟಿಸದೆ, ಅಂಟಿನ ಬದಿ ಮೇಲಾಗಿ, ಮೂಲೆಗಳಲ್ಲಿ ಮಾತ್ರ ಚೌಕಟ್ಟಿಗೆ ಸಿಕ್ಕಿಸಿ.

ಈಗ ಸೂಕ್ಷ್ಮದರ್ಶಕದ ಕೆಳಗೆ ಅಂಟಿನ ಬದಿ ನೋಡಿ. ಕೂದಲು, ಬಟ್ಟೆಯ ಎಳೆ, ನೀಲಿ ನೈಟ್ರೈಲ್ ಚೂರು ಏನಿದ್ದರೂ ಚಿಮಟದಲ್ಲಿ ಮೊದಲು ಎತ್ತಿ ಬೇರೆ ಇಡಿ. ಮುಂದಿನ ಹಂತದಲ್ಲಿ ಎಲ್ಲವೂ ನೀರಲ್ಲಿ ಕೊಚ್ಚಿ ಹೋಗುತ್ತದೆ. ನುಣುಪು ಬದಿಗೆ ಸೂಪರ್‌ಗ್ಲೂ. ಅಂಟಿನ ಬದಿಗೆ ಪುಡಿಯ ತೆಳು ಲೇಪ, ಅಂದರೆ ಪುಡಿಯನ್ನು ಸೋಪಿನಂಥ ದ್ರವದಲ್ಲಿ ಕಲಸಿದ್ದು. ತಿಳಿ ಬಣ್ಣದ ಟೇಪಿಗೆ ಇಂಗಾಲದ ಕಪ್ಪು, ಕಪ್ಪು ಟೇಪಿಗೆ ಟೈಟೇನಿಯಂ ಡೈಆಕ್ಸೈಡಿನ ಬಿಳಿ. ಮೆತ್ತನೆಯ ಬ್ರಷ್‌ನಲ್ಲಿ ಬಳಿದು, 10ರಿಂದ 15 ಸೆಕೆಂಡ್ ಬಿಟ್ಟು, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆಯಿರಿ. ಧಾರೆ ನೇರ ಅಚ್ಚಿನ ಮೇಲೆ ಬೀಳದೆ ಮೇಲಿನಿಂದ ಹರಿದು ಬರಲಿ. ಲೇಪ ಹೆಚ್ಚು ಹೊತ್ತು ಕೂತರೆ ಹಿನ್ನೆಲೆಯೂ ಹಿಡಿಯುತ್ತದೆ. ಹಿಂದೆ ಎಲ್ಲದಕ್ಕೂ ಜೆನ್ಶಿಯನ್ ವಯೊಲೆಟ್ ಎಂಬ ನೇರಳೆ ಬಣ್ಣ ಬಳಸುತ್ತಿದ್ದರು. ರಬ್ಬರ್ ಅಂಟಿನ ಟೇಪಿಗೆ ಈಗಲೂ ಒಳ್ಳೆಯದೇ, ಅಕ್ರಿಲಿಕ್ ಅಂಟಿಗೆ ಹಿನ್ನೆಲೆಯೆಲ್ಲ ನೇರಳೆಯಾಗುವುದುಂಟು. ಫಿನಾಲ್ ಸೇರಿಸಿದ ಹಳೆಯ ಪಾಕ ವಿಷ, ಅದರ ಹತ್ತಿರ ಹೋಗಬೇಡಿ.

ಗ್ಲೌಸ್. ಸಿಕ್ಕ ಸ್ಥಿತಿಯಲ್ಲೇ ಫೋಟೋ, ಯಾವ ಮೈ ಹೊರಗಿದೆ ಅಂತ ಬರಹ. ನಿಮ್ಮದು ಅರ್ಧ ತಿರುಗಿರುವುದರಿಂದ ಬಿಚ್ಚಿದ ರೀತಿಯೇ ಅಲ್ಲಿ ಅಚ್ಚಾಗಿದೆ. ಎರಡನೆಯ ಗ್ಲೌಸ್ ಬಿಚ್ಚುವಾಗ ಇನ್ನೊಂದು ಕೈ ಬರಿದಾಗಿರುತ್ತದೆ; ಮಣಿಕಟ್ಟಿನ ಅಂಚಿನ ಒಳಗೂ ಹೊರಗೂ ಆ ಬರಿಬೆರಳು ತಾಗಿರುವ ಸಾಧ್ಯತೆ ಇದೆ, ಅದನ್ನು ಮೊದಲು ನೋಡಿ. ಒಳಗೆ ಬೆವರಿನ ತೇವ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೂಷ್ಟು ಬರುತ್ತದೆ, ಡಿಎನ್‌ಎಯೂ ಕೊಳೆಯುತ್ತದೆ. ಕಾಗದದ ಚೀಲ, ಕೋಣೆಯ ಶಾಖದಲ್ಲಿ ಒಣಗಿಸುವುದು. ತಿರುಗಿಸುವಾಗ ಬೆರಳ ತುದಿಗಳು ಅಂಟಿಕೊಂಡಿದ್ದರೆ ಎಳೆಯಬೇಡಿ, ರಬ್ಬರ್ ಬಲ್ಬಿನಿಂದ ಗಾಳಿ ಊದಿ ಹೊರಗೆ ಬರಿಸಿ. ಬಾಯಲ್ಲಿ ಊದುವುದು ಖಂಡಿತ ಬೇಡ. ಆಮೇಲೆ ಶುದ್ಧವಾದ ಕೈಯಾಕಾರದ ಅಚ್ಚಿಗೆ ತೊಡಿಸಿದರೆ ಮತ್ತೆ ಮತ್ತೆ ಮುಟ್ಟುವ ಕೆಲಸವಿಲ್ಲ.

ಬೆರಳಚ್ಚಿಗೂ ಡಿಎನ್‌ಎಗೂ ಇಲ್ಲಿ ಜಗಳ ಬೇಕಿಲ್ಲ. ಬೆರಳ ತುದಿಯ ಜಾಗದಲ್ಲಿ ಚರ್ಮ ಮತ್ತೆ ಮತ್ತೆ ಉಜ್ಜಿ, ಬೆವರು ಸೇರಿ, ಗೆರೆಗಳು ಒಂದರ ಮೇಲೊಂದು ಕೂತಿರುತ್ತವೆ. ಅದು ಸ್ವಾಬ್‌ಗೆ. ಅಂಗೈ, ಬೆರಳಿನ ಮಧ್ಯದ ಗೆಣ್ಣು, ಮಣಿಕಟ್ಟಿನ ಅಂಚು ಬೆರಳಚ್ಚಿಗೆ. ಸೂಪರ್‌ಗ್ಲೂ ಆದ ಮೇಲೆ ಹೊಳೆಯುವ ಬಣ್ಣ ಹಾಕುವುದಾದರೆ ಅದೇ ಬಗೆಯ ಹೊಸ ಗ್ಲೌಸಿನ ಮೇಲೆ ಮೊದಲು ಪರೀಕ್ಷಿಸಿ. ಕೆಲವು ನೈಟ್ರೈಲ್ ಬಣ್ಣವನ್ನೇ ಹೀರಿಕೊಂಡು ಪೂರ್ತಿ ಹೊಳೆಯುತ್ತದೆ. ಅಂಥದ್ದಕ್ಕೆ ಕಪ್ಪು ಮ್ಯಾಗ್ನೆಟಿಕ್ ಪುಡಿ ಹಾಕಿ ಜೆಲಟಿನ್ ಹಾಳೆಯಲ್ಲಿ ಎತ್ತಿ. ಜೆಲಟಿನ್‌ನಲ್ಲಿ ಎತ್ತಿದ್ದು ಕನ್ನಡಿ ಬಿಂಬವಾಗಿರುತ್ತದೆ, ಪಾರದರ್ಶಕ ಟೇಪಿನಲ್ಲಿ ಎತ್ತಿದ್ದು ಹಾಗಲ್ಲ. ಯಾವುದರಲ್ಲಿ ಎತ್ತಿದ್ದು ಅಂತ ಅದರ ಮೇಲೇ ಬರೆಯದಿದ್ದರೆ ಡೇಟಾಬೇಸ್‌ನಲ್ಲಿ ತಿರುಗಿದ ಅಚ್ಚು ಹುಡುಕುತ್ತ ಕೂರುತ್ತೀರಿ. ಒಳಗೆ ಜೋಳದ ಹಿಟ್ಟು ಬಳಿದ ಗ್ಲೌಸ್ ಆಗಿದ್ದರೆ ಕೆಲಸ ಇನ್ನೂ ಕಷ್ಟ, ತೇವ ಇದ್ದ ಕಡೆಯೆಲ್ಲ ಹಿಟ್ಟು ಹೆಪ್ಪುಗಟ್ಟಿರುತ್ತದೆ.

ಗ್ಲೌಸೇ ಬಿಟ್ಟ ಗುರುತನ್ನೂ ಕಡೆಗಣಿಸಬೇಡಿ. ನೈಟ್ರೈಲಿನ ಬೆರಳ ತುದಿಯ ಉಬ್ಬುಚುಕ್ಕೆ, ಸುಕ್ಕು, ಚರ್ಮದ ಗ್ಲೌಸ್ ಆದರೆ ಅದರ ಮೈಯ ವಿನ್ಯಾಸ, ಹೊಲಿಗೆ, ಸವೆತ ಇವೆಲ್ಲ ಬಾಟಲಿಯ ಮೇಲೆ ಮೂಡುತ್ತವೆ. ಕಾರ್ಖಾನೆಯ ವಿನ್ಯಾಸ ಬಗೆಯನ್ನಷ್ಟೇ ಹೇಳುತ್ತದೆ. ಬಳಸಿ ಬಿದ್ದ ಬಿರುಕು, ಸವೆತ ಒಂದು ಗ್ಲೌಸನ್ನೇ ತೋರಿಸಬಲ್ಲದು. ತೆಳು ಗ್ಲೌಸ್ ಬಿಗಿಯಾಗಿದ್ದು ಜಿಡ್ಡಿನ ಮೇಲೆ ಒತ್ತಿದ್ದರೆ ಒಳಗಿನ ಉಬ್ಬುಗೆರೆಗಳ ಆಕಾರವೂ ಅಪರೂಪಕ್ಕೆ ಹೊರಗೆ ಮೂಡುವುದುಂಟು.

ಉಬ್ಬುಗೆರೆ:

ಸ್ವಾಬ್ ಅವರ ಆಕ್ಷೇಪ ಸರಿ, ಡಿಎನ್‌ಎ ತೀರ್ಮಾನ ಬೆಳಕಿನ ಪರೀಕ್ಷೆಯಾದ ತಕ್ಷಣ, ಪುಡಿ ಅಥವಾ ಹೊಗೆಗೆ ಮುಂಚೆ.

12 ಅಂಶದ ಪ್ರಶ್ನೆಗೆ: ಅದು ಪ್ರಕೃತಿಯ ನಿಯಮವಲ್ಲ, ಆಯಾ ದೇಶದ ರೂಢಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 16 ಅಂಶ ಬೇಕಿತ್ತು, 2001ರಲ್ಲಿ ಅದನ್ನು ಕೈಬಿಟ್ಟರು. ಎಣಿಕೆಗಿಂತ ಗೆರೆಗಳ ಗುಣಮಟ್ಟ, ಕವಲು ಮತ್ತು ಕೊನೆಗಳ ಪರಸ್ಪರ ಸ್ಥಾನ, ವಿವರಿಸಲಾಗದ ಒಂದೇ ಒಂದು ವ್ಯತ್ಯಾಸ ಇದೆಯೇ ಅನ್ನುವುದು ಹೆಚ್ಚು ಮುಖ್ಯ. ಸುಳಿ, ಕುಣಿಕೆ, ಕಮಾನು ಅನ್ನುವ ವಿನ್ಯಾಸ ಒಂದೇ ಆಗಿದ್ದರೆ ಏನೂ ಆಗಲಿಲ್ಲ, ಕುಣಿಕೆ ಅರ್ಧಕ್ಕಿಂತ ಹೆಚ್ಚು ಬೆರಳುಗಳಲ್ಲಿ ಇರುತ್ತದೆ.

ಸ್ಥಳದಲ್ಲಿ ಸಿಕ್ಕ ಅಚ್ಚನ್ನು ಮೊದಲು ಒಂಟಿಯಾಗಿ ಓದಿ, ಕಂಡ ಅಂಶಗಳನ್ನೆಲ್ಲ ಗುರುತಿಸಿ ಬರೆದು ಮುಗಿಸಿ. ಆಮೇಲಷ್ಟೇ ಶಂಕಿತನ ಅಚ್ಚು ತೆರೆಯಿರಿ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಡಿಟೋನೇಟರ್ ಇದ್ದ ಚೀಲದ ಮೇಲಿನ ಅಚ್ಚನ್ನು ಎಫ್‌ಬಿಐ ಅಮೆರಿಕದ ವಕೀಲರೊಬ್ಬರದು ಎಂದು ಗುರುತಿಸಿ ಅವರನ್ನು ಬಂಧನದಲ್ಲಿಟ್ಟಿತು. ಸ್ಪೇನ್ ಪೊಲೀಸರು ಒಪ್ಪದೆ, ಕೊನೆಗೆ ಅದು ಅಲ್ಜೀರಿಯಾದ ಬೇರೊಬ್ಬನದು ಎಂದು ಪತ್ತೆಹಚ್ಚಿದರು. ಡೇಟಾಬೇಸ್ ದೊಡ್ಡದಿದ್ದಷ್ಟೂ ತುಂಬಾ ಹೋಲುವ ತಪ್ಪು ಅಚ್ಚು ಸಿಗುವ ಅವಕಾಶವೂ ಹೆಚ್ಚು. ಅಲ್ಲಿ ಆದದ್ದು ಅದೇ. ವಕೀಲರ ಅಚ್ಚನ್ನು ನೋಡಿದ ಮೇಲೆ ಅದರಲ್ಲಿದ್ದ ಅಂಶಗಳನ್ನೇ ಮಸುಕಾದ ಅಚ್ಚಿನಲ್ಲೂ "ಕಂಡರು". ಮರುಪರಿಶೀಲಿಸಿದವರಿಗೂ ಮೊದಲ ತೀರ್ಮಾನ ಗೊತ್ತಿತ್ತು. ಎರಡನೆಯ ತಜ್ಞರಿಗೆ ಮೊದಲಿನವರ ಉತ್ತರ ತಿಳಿಯದ ಹಾಗೆ ಕೊಡಿ.

ಹೋಲಿಕೆಗೆ ಮುಂಚೆ, ಶಂಕೆಯಿಂದ ಹೊರಗಿಡಬೇಕಾದವರ ಪಟ್ಟಿಯನ್ನೂ ಮಾಡಿಕೊಳ್ಳಿ. ಪೆಟ್ಟಿಗೆ ಮುಟ್ಟಿದ ಸಾಗಣೆಯವರು, ತೆರೆದವರು, ಮಹಜರಿಗೆ ಬಂದವರು ಎಲ್ಲರ ಬೆರಳಚ್ಚು, ಅಂಗೈ ಅಚ್ಚು ಎರಡೂ. ಅಂಗೈ ಬಿಟ್ಟರೆ ಪೆಟ್ಟಿಗೆಯ ಬದಿಗಳಲ್ಲಿ ಸಿಗುವ ಅರ್ಧ ಗುರುತುಗಳಿಗೆ ಒಡೆಯರೇ ಸಿಗುವುದಿಲ್ಲ.

ಹೊಸ ಲ್ಯಾಬ್‌ಕೋಟು:

ಕೊನೆಯದೊಂದು. ಟೇಪಿನ ಅಡಿ ನೀಲಿ ಚೂರು ಸಿಕ್ಕರೆ, ಅದು ಆ ಗ್ಲೌಸಿನದೇ ಅಂತ ಹೇಳಬಹುದೇ?

ಕಪ್ಪುಪುಡಿ:

ಬಣ್ಣ ಮತ್ತು ರಾಸಾಯನಿಕ ಸಂಯೋಜನೆ ಒಂದೇ ಅಂದರೆ ಒಂದೇ ಬಗೆಯ ಗ್ಲೌಸ್ ಅಂತ ಮಾತ್ರ, ಲಕ್ಷಗಟ್ಟಲೆ ಇರುತ್ತವೆ. ಹರಿದ ಅಂಚು ಗ್ಲೌಸಿನಲ್ಲಿರುವ ತೂತಿನ ಅಂಚಿಗೆ ಕೂಡಿದರೆ ಆಗ ಮಾತು ಬೇರೆ. ಆದರೆ ನೈಟ್ರೈಲ್ ಹರಿಯುವ ಮುಂಚೆ ಹಿಗ್ಗುತ್ತದೆ, ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಕೂಡಿಸುವುದು ಗಾಜಿನ ಚೂರಿನಷ್ಟು ಸಲೀಸಲ್ಲ. ಎರಡನ್ನೂ ಗಾಜಿನ ಪಟ್ಟಿಯ ಮೇಲೆ ಹಿಗ್ಗಿಸದೆ ಹರಡಿ, ಎರಡನ್ನೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿ ಕಾಣುವಂತೆ ಎರಡೂ ಮೈಗಳ ಫೋಟೋ ತೆಗೆದು ಹೋಲಿಸಿ. ಅಂಚಿನ ಜೊತೆಗೆ ಉಬ್ಬುಚುಕ್ಕೆಗಳ ಸಾಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಂದುವರಿಯುತ್ತದೆಯಾ ನೋಡಿ. ಮತ್ತೆ, ಟೇಪಿನ ಹರಿದ ತುದಿಯನ್ನೂ ಹಾಗೇ ಕಾಪಾಡಿ. ಮುಂದೆ ಯಾವತ್ತಾದರೂ ಸುರುಳಿ ಸಿಕ್ಕರೆ ಅದರ ತುದಿಯ ಜೊತೆ ಕೂಡಿಸಿ ನೋಡಲು ಬೇಕು. ನೀವೇ ಕೊಯ್ದ ತುದಿ ಇದ್ದರೆ ಅಲ್ಲಿ ಸೂಜಿದಾರದಿಂದ ಬೇರೆ ಗುರುತು ಹಾಕಿ, ಪೊಟ್ಟಣ ಕಟ್ಟಿದವರು ಮಾಡಿದ ಹರಿವಿನ ಜೊತೆ ಅದು ಕಲೆಯಬಾರದು.